ಹುಣಸೆಹಣ್ಣು ದೂರ ಇಡಿ: ಹಳೆಯ ಹಿತ್ತಾಳೆ ಮೈಕ್ರೋಸ್ಕೋಪ್ ಹುಡುಕಿ, ಕೊಂಡು, ಉಳಿಸಿಕೊಳ್ಳುವ ಬಗೆ

ಉತ್ತರ ಕನ್ನಡದಲ್ಲಿ ನೂರು ವರ್ಷ ಹಳೆಯ ಮೈಕ್ರೋಸ್ಕೋಪ್ ಎಲ್ಲಿಂದ ಬರಬೇಕು ಮಾರಾಯ್ರೆ ಅಂತ ಕೇಳುವವರಿದ್ದಾರೆ. ಬಂದಿವೆ. 1862ರಲ್ಲಿ ಈ ಜಿಲ್ಲೆ ಮದ್ರಾಸಿನಿಂದ ಬೊಂಬಾಯಿ ಪ್ರಾಂತ್ಯಕ್ಕೆ ಹೋಯಿತು, 1956ರವರೆಗೂ ಅಲ್ಲೇ ಇತ್ತು. ಡಾಕ್ಟರಿಕೆ ಕಲಿಯಲು ಇಲ್ಲಿನವರು ಬೊಂಬಾಯಿಗೆ ಹೋದರು, ವಾಪಸ್ ಬರುವಾಗ ಕೆಲವರು ತಮ್ಮದೇ ಒಂದು ಮೈಕ್ರೋಸ್ಕೋಪ್ ತಂದರು. ಘಟ್ಟದ ಮೇಲೂ ಕೆಳಗೂ ಮಲೇರಿಯಾ ಮನೆಮನೆ ಕಥೆಯಾಗಿತ್ತು, ನಲವತ್ತರ ದಶಕದಲ್ಲಿ ಡಿಡಿಟಿ ಬರುವವರೆಗೆ ಅದಕ್ಕೆ ಲಗಾಮು ಬೀಳಲಿಲ್ಲ. ಅದು ಮಲೇರಿಯಾನೇ ಹೌದೋ ಅಂತ ಖಾತ್ರಿ ಮಾಡಿಕೊಳ್ಳಲು ರಕ್ತದ ಹನಿಯನ್ನು ಗಾಜಿನ ಮೇಲೆ ಸವರಿ ನೋಡಬೇಕು, ನೋಡಲು ಒಳ್ಳೆಯ ಮೈಕ್ರೋಸ್ಕೋಪ್ ಬೇಕು. ಹಾಗಾಗಿ ಕಾರವಾರ, ಕುಮಟಾ, ಶಿರಸಿಯ ಹಳೇ ಡಾಕ್ಟರ ಮನೆಗಳ ಅಟ್ಟದಲ್ಲಿ, ಕಾಲೇಜಿನ ಹಿಂದಿನ ಕೋಣೆಯಲ್ಲಿ, ಕೊನೆಗೆ ಗುಜರಿ ಅಂಗಡಿಯಲ್ಲಿ ಒಂದೊಂದು ಈಗಲೂ ಕಣ್ಣಿಗೆ ಬೀಳುತ್ತದೆ.

ಈ ಹವ್ಯಾಸಕ್ಕೆ ಹೊಸದಾಗಿ ಇಳಿಯುವವರಿಗೆ ನಾನು ಹೇಳುವುದು ಇಷ್ಟೇ. ಹೊಳಪು ನೋಡಿ ಕೊಳ್ಳಬೇಡಿ, ಕೊಂಡ ಮೇಲೆ ಹೊಳಪು ಬರಿಸಲೂ ಹೋಗಬೇಡಿ. ಹೇಗೆ, ಯಾಕೆ ಅನ್ನುವುದು ಮುಂದೆ ಇದೆ.

ಮೊದಲು ಕಣ್ಣು ಪಳಗಿಸಿಕೊಳ್ಳಿ

ಸಂಗ್ರಹಕಾರರು ಹಿತ್ತಾಳೆ ಕಾಲ ಅನ್ನುವುದು ಸುಮಾರಾಗಿ 1840ರಿಂದ 1920ರವರೆಗಿನ ಅವಧಿಗೆ. ಅದಕ್ಕಿಂತ ಹಿಂದಿನವೂ ಇವೆ, ಹದಿನೆಂಟನೇ ಶತಮಾನದವು, ಆದರೆ ಅವು ನಮ್ಮ ಗುಜರಿಗೆ ಬರುವ ಮಾಲಲ್ಲ. 1830ರಲ್ಲಿ ಲಂಡನ್ನಿನ ಜೋಸೆಫ್ ಜಾಕ್ಸನ್ ಲಿಸ್ಟರ್ ಅನ್ನುವ ವೈನ್ ವ್ಯಾಪಾರಿ, ಬಣ್ಣದ ಅಂಚು ಕಾಣದ ಹಾಗೆ ಲೆನ್ಸುಗಳನ್ನು ಹೇಗೆ ಜೋಡಿಸಬೇಕು ಅಂತ ತೋರಿಸಿಕೊಟ್ಟ. ಅಲ್ಲಿಂದ ಮುಂದೆ ಮೈಕ್ರೋಸ್ಕೋಪ್ ಆಟದ ಸಾಮಾನು ಹೋಗಿ ಕೆಲಸದ ಸಾಮಾನಾಯಿತು. ಇಪ್ಪತ್ತನೇ ಶತಮಾನ ಶುರುವಾಗುತ್ತಿದ್ದಂತೆ ಕಾಲು, ಕಂಬಕ್ಕೆ ಕಪ್ಪು ಎನಾಮೆಲ್ ಬಂತು, ಕೊಳವೆ ಮಾತ್ರ ಹಿತ್ತಾಳೆಯಾಗಿ ಉಳಿಯಿತು. ಮೂವತ್ತರ ದಶಕಕ್ಕೆ ಅದೂ ಕ್ರೋಮ್ ಆಯಿತು. ಈ ಅರ್ಧ ಕಪ್ಪು, ಅರ್ಧ ಹಿತ್ತಾಳೆಯವೇ ನಮ್ಮ ಕಡೆ ಜಾಸ್ತಿ ಸಿಗುವುದು. ಕಪ್ಪು ಇದೆ ಅಂತ ಮೂಗು ಮುರಿಯಬೇಡಿ, ಕೆಲಸಕ್ಕೆ ಅವೇ ವಾಸಿ.

ಆಕಾರದಲ್ಲಿ ಎರಡು ಬಳಗ. ಇಂಗ್ಲಿಷ್ ಮಾದರಿಯಲ್ಲಿ ಮೂರು ಕಾಲಿನ ಪೀಠ, ಉದ್ದ ಕೊಳವೆ, ನೋಡಲು ಬಲು ಠೀವಿ. ಜರ್ಮನ್, ಫ್ರೆಂಚ್ ಮಾದರಿಯಲ್ಲಿ ಕುದುರೆ ಲಾಳದ ಆಕಾರದ ಭಾರದ ಕಾಲು, ಗಿಡ್ಡ ಕೊಳವೆ, ಕಂಬದ ನೆತ್ತಿಯ ಮೇಲೆ ಫೈನ್ ಫೋಕಸ್, ಅಂದರೆ ಕೂದಲೆಳೆಯಷ್ಟು ಮೇಲೆ ಕೆಳಗೆ ಮಾಡಿ ಚಿತ್ರ ಸ್ಪಷ್ಟ ಮಾಡಿಕೊಳ್ಳಲು, ತಿರುಗಿಸುವ ಸಣ್ಣ ಗುಬುಟು. ಲಾಳದ ಕಾಲಿನವನ್ನು ಕಾರ್ಖಾನೆಗಳು ಸಾವಿರಗಟ್ಟಲೆ ಮಾಡಿದವು, ಹಾಗಾಗಿ ಅವು ಬೇಗ ಸಿಗುತ್ತವೆ, ಬೆಲೆಯೂ ಕೈಗೆಟಕುತ್ತದೆ. ಮೊದಲನೆಯದಾಗಿ ಕೊಳ್ಳುವವರು ಇದನ್ನೇ ಕೊಳ್ಳಿ. ಲಂಡನ್ನಿನ ಪೊವೆಲ್ ಅಂಡ್ ಲೀಲ್ಯಾಂಡ್ ತರದವು ಇವೆಯಲ್ಲ, ಅವನ್ನು ಮಾಡಿದ್ದೇ ಕಡಿಮೆ, ಅದಕ್ಕೇ ದೊಡ್ಡ ಹರಾಜಿನ ಸಾಮಾನು. ‘ಗೋಕರ್ಣದಲ್ಲಿ ಅಗ್ಗಕ್ಕೆ ಸಿಕ್ತು’ ಅಂತ ಯಾರಾದರೂ ಅಂದರೆ ಸುಮ್ನೆ ನಕ್ಕುಬಿಡಿ.

ಎಲ್ಲಿ ಹುಡುಕಬೇಕು

ಹಳೇ ಡಾಕ್ಟರ ಮನೆಯವರು, ನಿವೃತ್ತ ಜೀವಶಾಸ್ತ್ರದ ಮೇಷ್ಟ್ರುಗಳು, ಹಳೇ ಲ್ಯಾಬ್ ನಡೆಸಿದವರು. ಮೊದಲು ಇವರ ಹತ್ತಿರ ಮಾತಾಡಿ. ಕೊಳ್ಳುವ ಮಾತು ಎತ್ತುವ ಮೊದಲು ಅದು ಯಾರದ್ದು, ಎಲ್ಲಿ ಬಳಸಿದ್ದು, ಯಾವ ಊರಿಂದ ತಂದದ್ದು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಇದು ಮರ್ಯಾದೆಯ ಪ್ರಶ್ನೆಯೂ ಹೌದು, ಮುಂದೆ ಬೆಲೆಯ ಪ್ರಶ್ನೆಯೂ ಹೌದು. ಪೆಟ್ಟಿಗೆಯೊಳಗೆ ಬೊಂಬಾಯಿ ಅಂಗಡಿಯ ಚೀಟಿ, ಹಳೇ ರಸೀದಿ, ಕೈಬರಹದ ಸ್ಲೈಡು ಏನೇ ಸಿಕ್ಕರೂ ಅದು ಮೈಕ್ರೋಸ್ಕೋಪಿನ ಭಾಗವೇ ಅಂದುಕೊಳ್ಳಿ.

ಶಾಲೆ ಕಾಲೇಜಿನ ಸಾಮಾನಾದರೆ ಡೆಡ್ ಸ್ಟಾಕ್ ರಿಜಿಸ್ಟರಿನಿಂದ (ಸಂಸ್ಥೆಯ ಸಾಮಾನಿನ ಪಟ್ಟಿ) ತೆಗೆದು, ಹರಾಜು ಹಾಕಿ, ರಸೀದಿ ಕೊಟ್ಟಿದ್ದನ್ನು ಮಾತ್ರ ಕೊಳ್ಳಿ. ‘ಮೂಲೆಯಲ್ಲಿ ಬಿದ್ದಿತ್ತು ಸರ್, ತಗೊಂಡು ಹೋಗಿ’ ಅಂತ ಯಾರೋ ಕೊಟ್ಟದ್ದು ನಾಳೆ ತಲೆನೋವು. ಕಾಲಿನ ಮೇಲೆ ಬಿಳಿ ಬಣ್ಣದಲ್ಲಿ ಡೆಡ್ ಸ್ಟಾಕ್ ನಂಬರ್ ಬರೆದಿರುತ್ತಾರೆ, ನೋಡಲು ಚಂದ ಇರುವುದಿಲ್ಲ, ಆದರೂ ಕೆರೆಯಬೇಡಿ. ಅದು ಎಲ್ಲಿಂದ ಬಂತು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ.

ಗುಜರಿಯವರು ಹಿತ್ತಾಳೆಯನ್ನು ಕಿಲೋ ಲೆಕ್ಕದಲ್ಲಿ ನೋಡುತ್ತಾರೆ. ಅವರಿಗೆ ಫೋನ್ ನಂಬರ್ ಕೊಟ್ಟು, ‘ಭಾಯ್, ಇಂಥದ್ದು ಬಂದರೆ ಒಡೆಯುವ ಮೊದಲು ಒಂದು ಫೋನ್ ಮಾಡಿ’ ಅಂತ ಹೇಳಿಡಿ. ಮುಖ್ಯವಾದ ಮಾತು ‘ಒಡೆಯುವ ಮೊದಲು’ ಅನ್ನುವುದು. ಜರ್ಮನ್ ಲಾಳದ ಕಾಲು ಎಷ್ಟೋ ಸಲ ಎರಕದ ಕಬ್ಬಿಣ, ಕೆಲವದರಲ್ಲಿ ಒಳಗೆ ಸೀಸ ತುಂಬಿರುತ್ತದೆ. ಕಬ್ಬಿಣ ಬೇರೆ, ಹಿತ್ತಾಳೆ ಬೇರೆ ಮಾಡಲು ಅವರು ಸುತ್ತಿಗೆಯಲ್ಲಿ ಎರಡು ಏಟು ಹಾಕಿದರೆ ಅಲ್ಲಿಗೆ ಮುಗಿಯಿತು.

ನಕಲಿ ಮಾಲು ಗುರುತಿಸುವುದು

ಇದನ್ನು ಸ್ವಲ್ಪ ನಿಧಾನಕ್ಕೆ ಓದಿ, ದುಡ್ಡು ಹೋಗುವುದು ಇಲ್ಲೇ. ಕಾರವಾರ ದಾಟಿ ಮಾಜಾಳಿ ಗಡಿ ಹಾದರೆ ಗೋವಾ. ಅಂಜುಣಾದ ಬುಧವಾರದ ಸಂತೆಯಲ್ಲಾಗಲಿ, ಪ್ರವಾಸಿಗರ ಊರಿನ ಅಂಗಡಿ ಸಾಲಿನಲ್ಲಾಗಲಿ ಹಿತ್ತಾಳೆಯ ದಿಕ್ಸೂಚಿ, ದೂರದರ್ಶಕ, ಸೆಕ್ಸ್‌ಟಂಟ್ ಸಾಲಾಗಿ ಇಟ್ಟಿರುತ್ತಾರೆ, ಪಕ್ಕದಲ್ಲೇ ಪುಟ್ಟ ಹಿತ್ತಾಳೆ ಮೈಕ್ರೋಸ್ಕೋಪೂ ಇರುತ್ತದೆ. ಮೇಲೆ ‘ರಾಸ್ ಲಂಡನ್’, ‘ಡಾಲಂಡ್ ಲಂಡನ್’ ಅಂತ ಹಳೇ ತಯಾರಕರ ಹೆಸರು ಕೆತ್ತಿರುತ್ತದೆ. ರೂರ್ಕಿ, ಮೊರಾದಾಬಾದ್ ಕಡೆಯ ಕಾರ್ಖಾನೆಗಳಲ್ಲಿ ಈಗ ತಯಾರಾಗುವ ಅಲಂಕಾರದ ಸಾಮಾನು ಇವು. ಶೋಕೇಸಿಗೆ ಇಡಲು ಕೊಳ್ಳುವುದಾದರೆ ತಪ್ಪೇನಿಲ್ಲ. ಹಳೆಯದು ಅಂತ ಹೇಳಿ ಮಾರಿದರೆ ಮೋಸ.

ಏನೇನು ನೋಡಬೇಕು? ಮೊದಲು ಇಸವಿ. ‘1885’ ಅಂತ ದೊಡ್ಡದಾಗಿ, ಹೆಸರಿನ ಕೆಳಗೆ, ಮದುವೆ ಪಾತ್ರೆಯ ಮೇಲೆ ಹೆಸರು ಹಾಕಿಸಿದ ಹಾಗೆ ಕೆತ್ತಿದ್ದರೆ ಅನುಮಾನ ಪಡಿ. ಹಳೇ ತಯಾರಕರು ಹೆಸರು, ಊರು, ನಂಬರ್ ಹಾಕುತ್ತಿದ್ದರು. ಇಸವಿಯನ್ನು ಅಲಂಕಾರವಾಗಿ ಹಾಕಿದ್ದು ಅಪರೂಪ. ಆಮೇಲೆ ಅಕ್ಷರ. ಅಸಲಿಯಲ್ಲಿ ಕೈಯಿಂದ ಕೊರೆದ ಗೆರೆ ಆಳವಾಗಿ, ಅಂಚು ಚೂಪಾಗಿ ಇರುತ್ತದೆ, ಓರೆ ಬೆಳಕಿನಲ್ಲಿ ಒಳಗೋಡೆ ಮಿಂಚುತ್ತದೆ. ನಕಲಿಯಲ್ಲಿ ಆಸಿಡ್ ಹಾಕಿ ಮೂಡಿಸಿದ ಅಕ್ಷರ, ತಳ ಚಪ್ಪಟೆ, ಅಂಚು ಕರಗಿದ ಹಾಗೆ. ಮೂರನೆಯದು ಸ್ಕ್ರೂ. ಪ್ಲಸ್ ತಲೆಯ ಸ್ಕ್ರೂ ಬಂದಿದ್ದೇ 1930ರ ದಶಕದಲ್ಲಿ. ವಿಕ್ಟೋರಿಯಾ ರಾಣಿ ಕಾಲದ್ದು ಅನ್ನುವ ಮೈಕ್ರೋಸ್ಕೋಪಿನಲ್ಲಿ ಅದು ಕಂಡರೆ, ರಿಪೇರಿಯಲ್ಲಿ ಹಾಕಿದ್ದು ಇಲ್ಲವೇ ಇಡೀ ಸಾಮಾನೇ ಹೊಸದು.

ನಾಲ್ಕನೆಯದು ಎಲ್ಲಕ್ಕಿಂತ ಗಟ್ಟಿ ಪರೀಕ್ಷೆ. ಕೆಳಗಿನ ಲೆನ್ಸ್, ಅಂದರೆ ಆಬ್ಜೆಕ್ಟಿವ್, ಬಿಚ್ಚಿ ನೋಡಿ. 1858ರಲ್ಲಿ ಲಂಡನ್ನಿನ ಮೈಕ್ರೋಸ್ಕೋಪಿಕಲ್ ಸೊಸೈಟಿ ಆಬ್ಜೆಕ್ಟಿವ್ ತಿರುಗಿಸಿ ಕೂರಿಸುವ ಮರೆಗೆ (ಸ್ಕ್ರೂ ಥ್ರೆಡ್) ಒಂದೇ ಅಳತೆ ನಿಗದಿ ಮಾಡಿತು. ಅಡ್ಡಳತೆ 0.8 ಇಂಚು, ಅಂದರೆ 20.3 ಮಿಲಿಮೀಟರ್, ಒಂದು ಇಂಚಿಗೆ 36 ಮರೆ. 1866ರಲ್ಲಿ ಸೊಸೈಟಿಗೆ ರಾಯಲ್ ಪದವಿ ಬಂತು, ಅದಕ್ಕೇ ಇದನ್ನು ಆರ್‌ಎಂಎಸ್ ಥ್ರೆಡ್ ಅನ್ನುತ್ತಾರೆ. ನಿಧಾನವಾಗಿ ಜರ್ಮನಿ, ಅಮೆರಿಕದವರೂ ಒಪ್ಪಿಕೊಂಡರು. ಇವತ್ತು ಅಂಬಾಲಾದಲ್ಲಿ ತಯಾರಾಗುವ ಕಾಲೇಜು ಮೈಕ್ರೋಸ್ಕೋಪಿನದ್ದೂ ಸಾಮಾನ್ಯವಾಗಿ ಇದೇ ಅಳತೆ. ಹಾಗಾಗಿ ಕಾಲೇಜಿನ ಒಂದು ಹತ್ತು ಪಟ್ಟಿನ ಆಬ್ಜೆಕ್ಟಿವ್ ಜೇಬಲ್ಲಿಟ್ಟುಕೊಂಡು ಹೋಗಿ. ಅದು ನೂರಿಪ್ಪತ್ತು ವರ್ಷ ಹಳೆಯ ಕೊಳವೆಗೆ ಎಡವದೆ ಕೂತುಕೊಳ್ಳುವಾಗ ಒಂಥರಾ ಖುಷಿ ಆಗುತ್ತದೆ, ಬೇರೆ ಯಾವ ಹಳೇ ಯಂತ್ರಕ್ಕೆ ಇವತ್ತಿನ ಬಿಡಿಭಾಗ ಹೀಗೆ ಹೊಂದುತ್ತದೆ ಹೇಳಿ? ಅಲಂಕಾರದ ಮಾಲಿನಲ್ಲಿ ಹೆಚ್ಚಾಗಿ ಬರೇ ಒಂದು ಸಾದಾ ಗಾಜು ಕೂರಿಸಿರುತ್ತಾರೆ, ಫೈನ್ ಫೋಕಸ್ ಇರುವುದಿಲ್ಲ, ಇದ್ದರೂ ತಿರುಗಿಸಿದರೆ ಏನೂ ಆಗುವುದಿಲ್ಲ. ಒಂದು ಎಚ್ಚರಿಕೆ: 1858ಕ್ಕೆ ಮೊದಲಿನವು ಮತ್ತು ಕೆಲವು ಹಳೇ ಫ್ರೆಂಚ್, ಜರ್ಮನ್ ಮಾದರಿಗಳು ತಮ್ಮದೇ ಮರೆ ಇಟ್ಟುಕೊಂಡಿದ್ದವು. ಹಾಗಾಗಿ ಮರೆ ಹೊಂದಲಿಲ್ಲ ಅಂದ ಮಾತ್ರಕ್ಕೆ ನಕಲಿ ಅಲ್ಲ.

ಮ್ಯಾಗ್ನೆಟ್ ಇಟ್ಟು ನೋಡಿ ಅಂತ ಹೇಳುವವರಿದ್ದಾರೆ. ಇಡಿ, ನಷ್ಟ ಇಲ್ಲ. ಆದರೆ ನಕಲಿಯೂ ಹಿತ್ತಾಳೆಯೇ ಅಲ್ವಾ, ಮ್ಯಾಗ್ನೆಟ್ಟಿಗೆ ಅದೇನು ಗೊತ್ತಾಗಬೇಕು. ಅದು ಹೇಳುವುದು ಯಾವ ಭಾಗ ಕಬ್ಬಿಣ ಅನ್ನುವುದನ್ನು ಮಾತ್ರ.

ಹೆಸರು, ನಂಬರ್, ಕಾಲ

ಕೊಳವೆಯ ಮೇಲೆ, ಕಾಲಿನ ಮೇಲೆ, ಕಂಬದ ಹಿಂದೆ, ಪೆಟ್ಟಿಗೆಯ ಬಾಗಿಲಲ್ಲಿ ಹುಡುಕಿ. ನಮ್ಮ ಕಡೆ ಕಾಣಬಹುದಾದ ಹೆಸರುಗಳು ಇವು: ವೆಟ್ಸ್‌ಲಾರಿನ ಎರ್ನ್ಸ್ಟ್ ಲೈಟ್ಸ್, ಯೇನಾದ ಕಾರ್ಲ್ ಝೈಸ್, ವಿಯೆನ್ನಾದ ರೈಖರ್ಟ್, ಲಂಡನ್ನಿನ ವಾಟ್ಸನ್, ಬೆಕ್, ಸ್ವಿಫ್ಟ್, ಬೇಕರ್, ಅಮೆರಿಕದ ರಾಚೆಸ್ಟರಿನ ಬಾಷ್ ಅಂಡ್ ಲೋಂಬ್.

ಲೈಟ್ಸ್ ಆದರೆ ಕಾಲ ಲೆಕ್ಕ ಹಾಕುವುದು ಸುಲಭ, ನಂಬರ್ ಸಾಲಾಗಿ ಹೋಗುತ್ತದೆ. ಒಂದು ಲಕ್ಷನೇ ಮೈಕ್ರೋಸ್ಕೋಪನ್ನು ಕಂಪನಿ, ಕ್ಷಯದ ಬ್ಯಾಕ್ಟೀರಿಯಾ ಕಂಡುಹಿಡಿದ ರಾಬರ್ಟ್ ಕಾಖ್‌ಗೆ 1907ರಲ್ಲಿ ಕಾಣಿಕೆ ಕೊಟ್ಟಿತು. ನಿಮ್ಮದರ ನಂಬರ್ ಐದಂಕಿಯಾಗಿದ್ದರೆ ಅದು ಅದಕ್ಕಿಂತ ಹಳೆಯದು ಅಂತಾಯಿತು. ಝೈಸ್ ಹತ್ತು ಸಾವಿರನೇದನ್ನು ಮುಗಿಸಿದ್ದು 1886ರಲ್ಲಿ. ಝೈಸ್ ಹೆಸರನ್ನು ಲೆನ್ಸಿನ ಆಕಾರದ ಚೌಕಟ್ಟಿನೊಳಗೆ ಬರೆದ ಲಾಂಛನ ಇದ್ದರೆ ಅದು 1904ರ ಈಚೆಯದ್ದು. ಝೈಸ್ ಆಬ್ಜೆಕ್ಟಿವ್‌ಗಳಿಗೆ ಬೇರೆ ನಂಬರ್ ಇರುತ್ತದೆ, ಸ್ಟ್ಯಾಂಡಿನ (ಲೆನ್ಸು ಬಿಟ್ಟು ಉಳಿದ ಮೈಯ) ನಂಬರ್ ಜೊತೆ ಹೊಂದಲಿಲ್ಲ ಅಂತ ಗಾಬರಿಯಾಗಬೇಡಿ.

ಬೆಕ್ ಕಂಪನಿಯದ್ದನ್ನು ಹೆಸರಿನಿಂದಲೇ ಅಂದಾಜು ಮಾಡಬಹುದು. ಮೊದಲು ಸ್ಮಿತ್ ಅಂಡ್ ಬೆಕ್, ಆಮೇಲೆ ಸ್ಮಿತ್, ಬೆಕ್ ಅಂಡ್ ಬೆಕ್, 1860ರ ದಶಕದ ಮಧ್ಯದ ನಂತರ ಆರ್ ಅಂಡ್ ಜೆ ಬೆಕ್. ಅಮೆರಿಕದವುಗಳ ಮೇಲೆ ಪೇಟೆಂಟ್ ತಾರೀಕು ಇರುತ್ತದೆ. ಅದು ಪೇಟೆಂಟ್ ಸಿಕ್ಕಿದ ದಿನ, ಮೈಕ್ರೋಸ್ಕೋಪ್ ಹುಟ್ಟಿದ ದಿನ ಅಲ್ಲ. ಎಷ್ಟೋ ವರ್ಷ ಆದ ಮೇಲೂ ಅದೇ ತಾರೀಕು ಹಾಕುತ್ತಿದ್ದರು. ಮಾರುವವರು ಇದನ್ನು ತೋರಿಸಿಯೇ ಬೆಲೆ ಏರಿಸುತ್ತಾರೆ.

ಇನ್ನೊಂದು ಒಳ್ಳೆಯ ಸುಳಿವು ಲೆನ್ಸಿನ ಬಣ್ಣ. ಲೆನ್ಸನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಹಳೆಯದರಲ್ಲಿ ಬಿಳಿ ಪ್ರತಿಬಿಂಬ ಕಾಣುತ್ತದೆ. ನೀಲಿ, ನೇರಳೆ ಮಿಂಚಿದರೆ ಅದು ಕೋಟಿಂಗ್ ಹಾಕಿದ ಲೆನ್ಸ್. ಆ ಕೋಟಿಂಗ್ ತಂತ್ರ ಝೈಸ್ ಕಂಪನಿಯಲ್ಲಿ ಹುಟ್ಟಿದ್ದು 1935ರಲ್ಲಿ. 1900ರ ಸ್ಟ್ಯಾಂಡಿನಲ್ಲಿ ನೇರಳೆ ಲೆನ್ಸ್ ಇದ್ದರೆ ಯಾರೋ ಆಮೇಲೆ ಬದಲಾಯಿಸಿದ್ದಾರೆ.

ಕೊಳ್ಳುವ ಮುಂಚೆ ಕೈಯಲ್ಲಿ ಹಿಡಿದು ನೋಡುವುದು

ಎತ್ತುವಾಗ ಕಂಬ ಮತ್ತು ಕಾಲು ಹಿಡಿದು ಎತ್ತಿ, ಕೊಳವೆ ಹಿಡಿದು ಎತ್ತಬೇಡಿ. ದೊಡ್ಡ ಗುಬುಟನ್ನು ಮೆಲ್ಲಗೆ ತಿರುಗಿಸಿ. ಬಿಗಿಯಾಗಿದ್ದರೆ ಅಲ್ಲೇ ನಿಲ್ಲಿಸಿ, ಬಲ ಹಾಕಬೇಡಿ. ಹಳೇ ಗ್ರೀಸ್ ಗಟ್ಟಿಯಾಗಿ ಅಂಟಿರುತ್ತದೆ, ಬಲ ಹಾಕಿದರೆ ಹಲ್ಲುಪಟ್ಟಿಯ ಹಲ್ಲು ಮುರಿಯುತ್ತದೆ, ಅದಕ್ಕೆ ಬದಲಿ ಎಲ್ಲೂ ಸಿಗುವುದಿಲ್ಲ. ಬಿಗಿಯಾಗಿದ್ದರೆ ಸರಿ ಮಾಡಬಹುದು, ಹಲ್ಲು ಹೋಗಿದ್ದರೆ ಬಿಟ್ಟುಬಿಡಿ. ತಿರುಗಿಸದೆಯೂ ಕೊಳವೆ ತಾನಾಗಿ ಜಾರಿದರೆ ಅದೇನು ದೊಡ್ಡ ದೋಷ ಅಲ್ಲ, ಒಂದೆರಡು ಸ್ಕ್ರೂ ಬಿಗಿ ಮಾಡಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಫೈನ್ ಫೋಕಸ್ ಮಾತ್ರ ಕಟ್ಟುನಿಟ್ಟಾಗಿ ನೋಡಿ. ಎರಡೂ ಕಡೆಗೆ ಸಲೀಸಾಗಿ ತಿರುಗಬೇಕು, ಕೊನೆಗೆ ಮುಟ್ಟಿ ಕಚ್ಚಿಕೊಂಡಿರಬಾರದು. ಇದು ಕೆಟ್ಟರೆ ರಿಪೇರಿ ಮಾಡುವವರು ನಮ್ಮ ಜಿಲ್ಲೆಯಲ್ಲಿರಲಿ, ಹುಬ್ಬಳ್ಳಿಯಲ್ಲೂ ಕಷ್ಟ.

ಆಬ್ಜೆಕ್ಟಿವ್ ಮೇಲೆ ಏನು ಬರೆದಿದೆ ಓದಿ. ಇಂಗ್ಲಿಷ್ ತಯಾರಕರು ಇಂಚಿನ ಲೆಕ್ಕ ಬರೆಯುತ್ತಿದ್ದರು: 2/3, 1/6, 1/12. ಇವು ಈಗಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಹತ್ತು, ನಲವತ್ತು, ನೂರು ಪಟ್ಟಿನ ಹತ್ತಿರ. ಲೈಟ್ಸ್‌ನವರು 3, 7 ಅಂತ ಬರೇ ಕ್ರಮಸಂಖ್ಯೆ ಕೊಡುತ್ತಿದ್ದರು. 1/12 ಅಂದರೆ ಎಣ್ಣೆ ಹಾಕಿ ನೋಡುವ ಲೆನ್ಸ್, ಮಲೇರಿಯಾ ಡಾಕ್ಟರರ ಲೆನ್ಸ್. ಅದರ ತುದಿಯಲ್ಲಿ ಹಳದಿ ಗೋಂದಿನಂಥದ್ದು ಅಂಟಿದ್ದರೆ ಹೆದರಬೇಡಿ, ಒರೆಸದೆ ಬಿಟ್ಟ ಸೀಡರ್ ಎಣ್ಣೆ ಒಣಗಿದ್ದು. ಹೋಗುತ್ತದೆ.

ಆಬ್ಜೆಕ್ಟಿವ್ ಒಳಗೆ ನೋಡಲು ಒಂದು ಉಪಾಯ ಇದೆ. ಐಪೀಸನ್ನು, ಅಂದರೆ ಕಣ್ಣಿಡುವ ಮೇಲಿನ ಲೆನ್ಸನ್ನು, ತೆಗೆದು ತಲೆಕೆಳಗೆ ಹಿಡಿದು ಅದನ್ನೇ ಭೂತಗನ್ನಡಿ ಮಾಡಿಕೊಳ್ಳಿ. ತುದಿಯ ಗಾಜಿನ ಮೇಲೆ ಗೀರು ಇದೆಯೇ, ಅಂಚು ಎದ್ದಿದೆಯೇ, ಒಳಗೆ ಜೇಡರ ಬಲೆಯಂಥ ಬಿಳಿ ಎಳೆ ಹಬ್ಬಿದೆಯೇ ಕಾಣುತ್ತದೆ. ಬಿಳಿ ಎಳೆ ಅಂದರೆ ಬೂಷ್ಟು, ನಮ್ಮ ಕರಾವಳಿಯ ಆಸ್ತಿ. ಗಾಜಿನ ಹೊರಗೆ ಇದ್ದರೆ ಒರೆಸಬಹುದು. ಎರಡು ಗಾಜು ಅಂಟಿಸಿದ ಜಾಗದಲ್ಲಿ ಹಳದಿ ಕಲೆ, ಎಲೆ ನರದ ಹಾಗೆ ಬಿರುಕು ಕಂಡರೆ ಅದು ಕೆನಡಾ ಬಾಲ್ಸಮ್ ಅನ್ನುವ ಮರದ ಅಂಟು ಹಳತಾಗಿದ್ದು. ಅದನ್ನು ಮನೆಯಲ್ಲಿ ಸರಿ ಮಾಡಲು ಹೋಗಬೇಡಿ, ಬೆಲೆ ಇಳಿಸಿ ಕೇಳಿ.

ಕೊನೆಗೆ ಎಣಿಸಿ: ಕನ್ನಡಿ (ಒಂದು ಬದಿ ಸಪಾಟು, ಇನ್ನೊಂದು ಬದಿ ತಗ್ಗು), ಸ್ಟೇಜಿನ (ಸ್ಲೈಡು ಇಡುವ ಹಲಗೆ) ಕ್ಲಿಪ್ಪು, ಕಂಡೆನ್ಸರ್ (ಅದರ ಕೆಳಗೆ ಬೆಳಕು ಕೂಡಿಸುವ ಲೆನ್ಸ್), ಐಪೀಸುಗಳು, ಆಬ್ಜೆಕ್ಟಿವ್ ಇಡುವ ಹಿತ್ತಾಳೆ ಡಬ್ಬಿ, ಮರದ ಪೆಟ್ಟಿಗೆ, ಅದರ ಕೀಲಿಕೈ. ಡಬ್ಬಿಯ ಮುಚ್ಚಳದ ಮೇಲಿನ ಹೆಸರು ಆಬ್ಜೆಕ್ಟಿವ್ ಮೇಲಿನ ಹೆಸರಿಗೆ ಹೊಂದಿದರೆ ಒಂದಿಷ್ಟು ಹೆಚ್ಚೇ ಕೊಡಬಹುದು. ಬೆಲೆ ಕೇಳಿದರೆ ನಾನು ಅಂಕಿ ಹೇಳುವುದಿಲ್ಲ, ದಿನಕ್ಕೊಂದು ತರ ಇರುತ್ತದೆ. ಆನ್‌ಲೈನಿನಲ್ಲಿ ಕೇಳಿದ ಬೆಲೆ ನೋಡಬೇಡಿ, ಮಾರಾಟ ಆಗಿ ಮುಗಿದ ಬೆಲೆ ನೋಡಿ. ಕೇಳಲು ಯಾರು ಏನು ಬೇಕಾದರೂ ಕೇಳಬಹುದು.

ಮನೆಗೆ ತಂದ ಮೇಲೆ

ಏನೂ ಮಾಡಬೇಡಿ. ಮೊದಲು ಎಲ್ಲಾ ಕಡೆಯಿಂದ ಫೋಟೊ ತೆಗೆಯಿರಿ, ಅಷ್ಟೇ.

ಶಿರಸಿ ಹತ್ತಿರದ ಒಂದು ಮನೆಯಲ್ಲಿ ಅಟ್ಟದಿಂದ ಇಳಿಸಿದ ಪೆಟ್ಟಿಗೆಯ ಬಾಗಿಲು ಇನ್ನೂ ಪೂರ್ತಿ ತೆಗೆದಿರಲಿಲ್ಲ, ಅಷ್ಟರಲ್ಲೇ ಅಜ್ಜಿ ‘ತಮಾ, ತಡಿ, ಹುಣಸೆಹಣ್ಣು ಹಾಕಿ ತಿಕ್ಕಿ ಕೊಡ್ತಿ’ ಅಂತ ಒಳಗೆ ಹೊರಟೇಬಿಟ್ಟರು. ಅವರ ಪ್ರಕಾರ ಹಿತ್ತಾಳೆ ಕಪ್ಪಾಗಿದ್ದನ್ನು ಹಾಗೇ ಕೊಡುವುದು ಅಂದರೆ ಮನೆಗೆ ಅವಮಾನ. ಬೇಡ ಅಜ್ಜಿ ಅಂತ ತಡೆಯಲು ಸಾಕುಬೇಕಾಯಿತು.

ಯಾಕೆ ಬೇಡ ಅಂದರೆ, ಮೈಕ್ರೋಸ್ಕೋಪಿನ ಮೈ ಬರೀ ಹಿತ್ತಾಳೆ ಅಲ್ಲ. ತಯಾರಿಸುವಾಗ ಹಿತ್ತಾಳೆಯನ್ನು ಬಿಸಿ ಮಾಡಿ ಅದರ ಮೇಲೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ ತೆಳು ಲೇಪ ಬಳಿಯುತ್ತಿದ್ದರು. ಅದಕ್ಕೆ ಹೊನ್ನಿನ ಬಣ್ಣ ಬರುವಂತೆ ಬಣ್ಣವನ್ನೂ ಸೇರಿಸುತ್ತಿದ್ದರು. ಆ ಲೇಪ ಉಳಿದಿದೆಯೋ ಇಲ್ಲವೋ ಅನ್ನುವುದನ್ನೇ ಸಂಗ್ರಹಕಾರರು ಮೊದಲು ನೋಡುವುದು. ಹುಣಸೆಹಣ್ಣು, ನಿಂಬೆ, ಬೂದಿ, ಪೀತಾಂಬರಿ ಪುಡಿ, ಬ್ರಾಸೊ, ಯಾವುದರಿಂದ ತಿಕ್ಕಿದರೂ ಲೇಪ ಹೋಗುತ್ತದೆ, ಅಕ್ಷರ ಸವೆಯುತ್ತದೆ, ಒಳಗಿನ ಬರೀ ಹಿತ್ತಾಳೆ ಒಂದು ಮಳೆಗಾಲದಲ್ಲಿ ಮೊದಲಿಗಿಂತ ಕಪ್ಪಾಗುತ್ತದೆ. ಹೋದ ಲೇಪ ವಾಪಸ್ ಬರುವುದಿಲ್ಲ. ಅಲ್ಲಲ್ಲಿ ಕಂದಿದ ಹಳೇ ಲೇಪ, ಫಳಫಳ ಹೊಸ ಹೊಳಪಿಗಿಂತ ಯಾವಾಗಲೂ ಮೇಲು.

ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ ಅಂದೆನಲ್ಲ. ಹಾಗಾಗಿ ಸ್ಯಾನಿಟೈಸರ್, ಸರ್ಜಿಕಲ್ ಸ್ಪಿರಿಟ್, ಸೆಂಟು ಯಾವುದೂ ಹತ್ತಿರ ಸುಳಿಯಬಾರದು. ಸೀಮೆಎಣ್ಣೆ, ವೈಟ್ ಪೆಟ್ರೋಲ್ ಅರಗಿಗೆ ಏನೂ ಮಾಡುವುದಿಲ್ಲ. ಇದೊಂದನ್ನು ನೆನಪಿಟ್ಟರೆ ಅರ್ಧ ಕೆಲಸ ಸುಲಭ.

ಧೂಳನ್ನು ಮೆತ್ತನೆಯ ಬ್ರಷ್‌ನಿಂದ ಕೊಡವಿ. ಜಿಡ್ಡು ಇದ್ದರೆ ಬೆಚ್ಚಗಿನ ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಹತ್ತಿಬಟ್ಟೆ ಅದ್ದಿ, ಹಿಂಡಿ, ಒರೆಸಿ, ಕೂಡಲೇ ಒಣ ಬಟ್ಟೆಯಲ್ಲಿ ಒರೆಸಿ. ಮೂಲೆಗಳಲ್ಲಿ ಹಸಿರು ಮೇಣದಂತೆ ಕಿಲುಬು ಕೂತಿರುತ್ತದೆ, ಹಳೇ ಗ್ರೀಸ್ ತಾಮ್ರದ ಜೊತೆ ಸೇರಿ ಆಗುವಂಥದ್ದು. ಬಿದಿರಿನ ಕಡ್ಡಿಯ ತುದಿ ಸೀಮೆಎಣ್ಣೆಯಲ್ಲಿ ಅದ್ದಿ ಮೆಲ್ಲಗೆ ಎಬ್ಬಿಸಿ, ಚಾಕು ಬೇಡ.

ಅಂಟಿಕೊಂಡ ಗುಬುಟಿಗೂ ಅದೇ ಮದ್ದು. ಹಲ್ಲುಪಟ್ಟಿಯ ಬುಡಕ್ಕೆ ಒಂದೆರಡು ಹನಿ ಬಿಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಎಣ್ಣೆ ಪೂರ್ತಿ ಒರೆಸಿ, ಆರಿದ ಮೇಲೆ ಹೇರ್ ಡ್ರೈಯರ್‌ನಿಂದ ಸ್ವಲ್ಪ ಬೆಚ್ಚಗೆ ಮಾಡಿ ಪ್ರಯತ್ನಿಸಿ. ಆಗಲಿಲ್ಲವಾ, ಮತ್ತೆ ಒಂದು ರಾತ್ರಿ. ಅವಸರ ಇಲ್ಲ, ನೂರು ವರ್ಷ ಕಾದಿದೆ. ಸಡಿಲಾದ ಮೇಲೆ ಹಳೇ ಗ್ರೀಸ್ ಪೂರ್ತಿ ಒರೆಸಿ, ಲಿಥಿಯಂ ಗ್ರೀಸ್ ಅಕ್ಕಿಕಾಳಿನಷ್ಟು ಹಚ್ಚಿ. ತೆಂಗಿನೆಣ್ಣೆ ಮಾತ್ರ ಬೇಡ. ನಮ್ಮ ಕಡೆ ತಲೆಗೂ ಅದೇ, ಬಾಗಿಲ ತಿರುಗಣೆಗೂ ಅದೇ, ಆದರೆ ದಿನ ಕಳೆದಂತೆ ಅದು ಅಂಟಾಗಿ ಮತ್ತೆ ಹಿಡಿದುಕೊಳ್ಳುತ್ತದೆ.

ಲೆನ್ಸಿಗೆ ಮೊದಲು ಗಾಳಿ ಪಂಪ್ ಮಾಡುವ ರಬ್ಬರ್ ಬಲ್ಬ್, ಆಮೇಲೆ ಲೆನ್ಸ್ ಟಿಶ್ಯೂಗೆ ಒಂದು ಹನಿ ಡಿಸ್ಟಿಲ್ಡ್ ವಾಟರ್. ಅಂಗಿ ತುದಿ, ಪಂಚೆ ತುದಿ ಬೇಡ. ಒಣಗಿದ ಸೀಡರ್ ಎಣ್ಣೆಗೆ ಟಿಶ್ಯೂ ತುದಿಯಲ್ಲಿ ಒಂದೇ ಒಂದು ಹನಿ ಝೈಲೀನ್, ಅದೂ ಕಿಟಕಿ ತೆರೆದಿಟ್ಟು, ಒರೆಸಿ ಮುಗಿಸಿ. ಜಾಸ್ತಿಯಾದರೆ ಒಳಗಿನ ಬಾಲ್ಸಮ್ ಕೂಡ ಕರಗುತ್ತದೆ. ಆಬ್ಜೆಕ್ಟಿವನ್ನು ತುಂಡುತುಂಡಾಗಿ ಬಿಚ್ಚುವ ಆಸೆ ಬಂದರೆ ಒಂದು ಚಾ ಕುಡಿದು ಬನ್ನಿ. ಒಳಗಿನ ಗಾಜುಗಳ ನಡುವಿನ ಅಂತರ ಕೂದಲೆಳೆ ಲೆಕ್ಕದ್ದು.

ಮಳೆಗಾಲ

1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಿಯನ್ನು ಕಂಡ ರೊನಾಲ್ಡ್ ರಾಸ್, ಆ ದಿನಗಳ ಬಗ್ಗೆ ಬರೆಯುತ್ತಾ, ತನ್ನ ಹಣೆಯ ಮತ್ತು ಕೈಯ ಬೆವರಿಗೆ ಮೈಕ್ರೋಸ್ಕೋಪಿನ ಸ್ಕ್ರೂಗಳು ತುಕ್ಕು ಹಿಡಿದಿದ್ದವು, ಉಳಿದಿದ್ದ ಒಂದೇ ಐಪೀಸೂ ಬಿರುಕು ಬಿಟ್ಟಿತ್ತು ಅನ್ನುತ್ತಾನೆ. ದಖ್ಖನಿನ ಒಣ ಊರಲ್ಲೇ ಹಾಗಾದರೆ ಜುಲೈ ತಿಂಗಳ ಕಾರವಾರದಲ್ಲಿ ಏನಾಗಬೇಡ! ಇಲ್ಲಿ ಉಪ್ಪುಗಾಳಿ ಬೇರೆ. ಕೈಯ ಬೆವರು ಹಿತ್ತಾಳೆಯ ಮೇಲೆ ಬೆರಳಚ್ಚು ಕೆತ್ತಿಬಿಡುತ್ತದೆ, ಮುಟ್ಟುವಾಗ ಹತ್ತಿ ಕೈಗವಸು ಹಾಕಿ, ಇಲ್ಲವೇ ಮುಟ್ಟಿದ ಜಾಗ ಒರೆಸಿ ಇಡಿ.

ಎಲ್ಲರೂ ಮಾಡುವುದು ಏನೆಂದರೆ, ಹಳೇ ಮರದ ಪೆಟ್ಟಿಗೆಯೊಳಗೆ ಇಟ್ಟು ಬಾಗಿಲು ಹಾಕಿ ಸುರಕ್ಷಿತ ಅಂದುಕೊಳ್ಳುವುದು. ಮರ ತೇವ ಹೀರಿ ಒಳಗೇ ಹಿಡಿದಿಟ್ಟುಕೊಳ್ಳುತ್ತದೆ, ಕತ್ತಲೆ, ಗಾಳಿ ಇಲ್ಲ, ಬೂಷ್ಟಿಗೆ ಇನ್ನೇನು ಬೇಕು. ಮಳೆಗಾಲಕ್ಕೆ ಆಬ್ಜೆಕ್ಟಿವ್, ಐಪೀಸುಗಳನ್ನು ತೆಗೆದು, ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಹಾಕಿಡಿ. ಬಣ್ಣ ಬದಲಾಗುವ ಜೆಲ್ ತಂದರೆ ಯಾವಾಗ ಬಿಸಿ ಮಾಡಿ ಒಣಗಿಸಬೇಕು ಅಂತ ತಾನೇ ಹೇಳುತ್ತದೆ. ಡಬ್ಬಿಯೊಳಗೆ ಒಂದು ಸಣ್ಣ ತೇವಮಾಪಕ ಇಡಿ, ಶೇಕಡಾ 40ರಿಂದ 50ರ ಒಳಗೆ ಇದ್ದರೆ ನಿಶ್ಚಿಂತೆ. ಅಕ್ಕಿಯಲ್ಲಿ ಹೂತಿಡುವುದು ಬೇಡ, ಅಕ್ಕಿಯ ಧೂಳು ಬೂಷ್ಟಿಗೆ ಊಟ. ಸ್ಟ್ಯಾಂಡನ್ನು ಗಾಜಿನ ಕಪಾಟಿನಲ್ಲಿ ಗೋಡೆಗೆ ತಾಗದಂತೆ ಇಡಿ. ಖಾಲಿ ಪೆಟ್ಟಿಗೆಯನ್ನು ಒರಲೆ ಹತ್ತದಂತೆ ನೆಲದಿಂದ ಮೇಲೆ ಇಡಿ, ಬಿಸಾಡಬೇಡಿ.

ಘಟ್ಟದ ಮೇಲಿನವರಿಗೆ ಎರಡು ಮಾತು. ಅಡಿಗೆಮನೆಯ ಮೇಲಿನ ಹೊಗೆ ಅಟ್ಟ ಒಣಗಿರುತ್ತದೆ ನಿಜ, ಆದರೆ ಆ ಕರಿ ಜಿಡ್ಡು ಲೆನ್ಸಿನ ಮೇಲೆ ಕೂತರೆ ಏಳುವುದಿಲ್ಲ. ಎರಡನೆಯದು, ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಇಡಲೇಬೇಡಿ. ಸುಮ್ನೆ ಹೇಳುತ್ತಿಲ್ಲ. ಬ್ರಿಟಿಷರ ಕಾಲದಲ್ಲಿ ಇಲ್ಲಿನ ಸೈನ್ಯದವರು ಹಿತ್ತಾಳೆಯ ತೋಟಾಗಳನ್ನು ಮಳೆಗಾಲದಲ್ಲಿ ಕುದುರೆ ಲಾಯದಲ್ಲಿ ಇಡುತ್ತಿದ್ದರು, ಮಳೆ ಮುಗಿಯುವಷ್ಟರಲ್ಲಿ ಅವು ತಾವಾಗಿಯೇ ಸೀಳಿರುತ್ತಿದ್ದವು. ಕಾರಣ ಗೊತ್ತಾಗಿದ್ದು 1921ರಲ್ಲಿ. ಗಂಜಲದಿಂದ ಏಳುವ ಅಮೋನಿಯಾ, ಜೊತೆಗೆ ತೇವ, ಜೊತೆಗೆ ತಯಾರಿಸುವಾಗ ಲೋಹದೊಳಗೆ ಉಳಿದ ಬಿಗಿತ, ಮೂರೂ ಸೇರಿದರೆ ಹಿತ್ತಾಳೆ ಬಿರಿಯುತ್ತದೆ. ಎಳೆದು ಮಾಡಿದ ತೆಳು ಕೊಳವೆಗೂ ಅದೇ ಗತಿ ಆಗಬಹುದು. ಗಾಜು ಒರೆಸುವ ಕೆಲವು ನೀಲಿ ಸ್ಪ್ರೇಗಳಲ್ಲೂ ಅಮೋನಿಯಾ ಇರುತ್ತದೆ, ಕಪಾಟಿನ ಗಾಜು ಒರೆಸುವಾಗಲೂ ಅದನ್ನು ದೂರ ಇಡಿ.

ನೋಡಿ, ಬರೇ ಇಡಬೇಡಿ

ಕನ್ನಡಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ನೇರ ಬಿಸಿಲಿಗೆ ಬೇಡ, ಕಣ್ಣು ಹೋಗುತ್ತದೆ. ಒಳಗೊಳವೆಯ ಮೇಲೆ ಮಿಲಿಮೀಟರ್ ಗೆರೆಗಳಿದ್ದರೆ ಝೈಸ್ ಮಾದರಿಗೆ 160ಕ್ಕೆ, ಲೈಟ್ಸ್‌ಗೆ 170ಕ್ಕೆ ಎಳೆದು ನೋಡಿ. ಹಳೇ ಇಂಗ್ಲಿಷ್ ಕೊಳವೆಗಳು ಹತ್ತು ಇಂಚಿನ ಲೆಕ್ಕದವು. ಮೂಲ ಐಪೀಸ್ ಇಲ್ಲದಿದ್ದರೆ ಲಾಳದ ಕಾಲಿನ ಮಾದರಿಗಳಿಗೆ ಈಗಿನ 23.2 ಮಿಲಿಮೀಟರ್ ಅಡ್ಡಳತೆಯದ್ದು ಎಷ್ಟೋ ಸಲ ಹೊಂದುತ್ತದೆ. ‘ಇನ್ಫಿನಿಟಿ’ ಗುರುತಿನ ಹೊಸ ಆಬ್ಜೆಕ್ಟಿವ್ ಮರೆ ಹೊಂದಿದರೂ ಸರಿಯಾಗಿ ತೋರಿಸುವುದಿಲ್ಲ.

ಮೊದಲು ಈರುಳ್ಳಿ ಸಿಪ್ಪೆ, ದಾಸವಾಳದ ಪರಾಗ. ಆಮೇಲೆ ಕೋಡಿಬಾಗದ ಹತ್ತಿರ ಕಾಳಿ ಸಮುದ್ರ ಸೇರುವ ಕಡೆ ಇಳಿತದ ಹೊತ್ತಿಗೆ ಹೋಗಿ, ಕೆಸರಿನ ಮೇಲಿನ ಕಂದು ಪದರ ಒಂದು ಚಮಚ ತನ್ನಿ. ಅದು ತುಂಬಾ ಡಯಾಟಮ್ ಇರುತ್ತದೆ, ಗಾಜಿನ ಚಿಪ್ಪಿನ ಪಾಚಿ. ವಿಕ್ಟೋರಿಯಾ ಕಾಲದವರು ಲೆನ್ಸ್ ಪರೀಕ್ಷೆಗೆ ಬಳಸುತ್ತಿದ್ದದ್ದೂ ಡಯಾಟಮ್ಮನ್ನೇ, ಅದರಲ್ಲೂ ಪ್ಲೂರೋಸಿಗ್ಮಾ ಅನ್ನುವ ಸೊಟ್ಟ ದೋಣಿಯಾಕಾರದ್ದನ್ನು. ಉಪ್ಪು ಬೆರೆತ ನೀರಿನಲ್ಲಿ ಅದು ಸಾಮಾನ್ಯ. ಅದರ ಚಿಪ್ಪಿನ ಮೇಲೆ ಅತಿ ಸಣ್ಣ ಚುಕ್ಕೆ ಸಾಲುಗಳಿವೆ. 1/6ರ ಲೆನ್ಸಿನಲ್ಲಿ ಕನ್ನಡಿಯನ್ನು ಓರೆ ಮಾಡಿ ಬೆಳಕು ಒಂದು ಬದಿಯಿಂದ ಬರುವಂತೆ ಮಾಡಿದಾಗ ಆ ಗೆರೆಗಳು ಬಿಡಿಬಿಡಿಯಾಗಿ ಕಂಡರೆ ನಿಮ್ಮ ಲೆನ್ಸ್ ಗಟ್ಟಿ. ಮಸುಕಾಗಿ ಬರೇ ಚಿಪ್ಪು ಕಂಡರೆ ಲೆನ್ಸ್ ಒಮ್ಮೆ ಒರೆಸಿ, ಮತ್ತೆ ನೋಡಿ. ಉಪ್ಪುನೀರು ಸ್ಟೇಜಿನ ಮೇಲೆ ಚೆಲ್ಲಿದರೆ ಆಗಲೇ ಸಿಹಿನೀರಿನ ಬಟ್ಟೆಯಲ್ಲಿ ಒರೆಸಿ ಒಣಗಿಸಬೇಕು.

ಕೊಡುವಾಗ, ಕಳಿಸುವಾಗ

ಅಮೆರಿಕದಲ್ಲಿರುವ ಮಗನಿಗೆ, ಭಾವನಿಗೆ ಕಳಿಸುತ್ತೇನೆ ಅನ್ನುವವರು ಸ್ವಲ್ಪ ತಡೆಯಿರಿ. 1972ರ ಪುರಾತನ ವಸ್ತುಗಳ ಕಾಯ್ದೆ ದೇವರ ವಿಗ್ರಹಕ್ಕೆ ಮಾತ್ರ ಅಲ್ಲ. ಹಿಂದಿನ ಕಾಲದ ವಿಜ್ಞಾನವನ್ನು ತೋರಿಸುವ, ನೂರು ವರ್ಷಕ್ಕೆ ಕಡಿಮೆಯಿಲ್ಲದ ವಸ್ತುವೂ ಅದರ ಅರ್ಥದೊಳಗೆ ಬರುತ್ತದೆ. ಅಂಥದ್ದನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವ ಹಾಗಿಲ್ಲ. ನಿಮ್ಮದು ಆ ಸಾಲಿಗೆ ಸೇರುತ್ತದೋ ಇಲ್ಲವೋ ಅಂತ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಬರಹದಲ್ಲಿ ತಿಳಿದುಕೊಂಡೇ ಮುಂದುವರಿಯಿರಿ, ವಿಮಾನ ನಿಲ್ದಾಣದಲ್ಲಿ ವಾದ ಮಾಡಿ ಪ್ರಯೋಜನ ಇಲ್ಲ.

ದೇಶದೊಳಗೆ ಪಾರ್ಸಲ್ ಮಾಡುವುದಾದರೆ ಮರದ ಪೆಟ್ಟಿಗೆಯೊಳಗೇ ಇಟ್ಟು ಕಳಿಸಬೇಡಿ. ದಾರಿಯಲ್ಲಿ ಸ್ಟ್ಯಾಂಡ್ ಕುಲುಕಿ ಪೆಟ್ಟಿಗೆಯ ಬಾಗಿಲನ್ನೇ ಒಡೆದು ಹೊರಗೆ ಬರುತ್ತದೆ. ಸ್ಟ್ಯಾಂಡ್ ಬೇರೆ, ಪೆಟ್ಟಿಗೆ ಬೇರೆ, ಲೆನ್ಸಿನ ಡಬ್ಬಿ ಬೇರೆ, ಮೂರು ಪಾರ್ಸಲ್ ಮಾಡಿ. ಕನ್ನಡಿಯನ್ನು ತೆಗೆದು ಬಟ್ಟೆಯಲ್ಲಿ ಸುತ್ತಿ ಲೆನ್ಸಿನ ಜೊತೆ ಹಾಕಿ.